ಮುನಿರತ್ನಳ ಮನೆ ಬಾಗಿಲಿಗೆ ಬಂದ ಬೇರೆಯವಳ ಸಾಲ

ನಿಮಗೆ ಯಾವತ್ತಾದರೂ ಹೀಗೆ ಆಗಿದೆಯಾ? ನೀವು ಕಣ್ಣಲ್ಲೂ ನೋಡದ ಯಾವುದೋ ಕಂಪನಿಯಲ್ಲಿ ನಿಮ್ಮ ಹೆಸರಿಗೆ ಒಂದು ಸಾಲ ಇದೆ. ಅದರ ಕಂತು ಬಾಕಿ ಬಿದ್ದಿದೆ. ಈ ವಿಷಯ ದೇಶದ ಎಲ್ಲ ಬ್ಯಾಂಕಿಗೂ ಗೊತ್ತು, ನಿಮಗೊಬ್ಬರಿಗೆ ಗೊತ್ತಿಲ್ಲ. ಆಗಿದ್ದರೆ ಮುಂದೆ ಓದಿ. ನನಗೇನೂ ಹಾಗೆ ಆಗಿಲ್ಲ ಅನ್ನುವವರು ಇನ್ನೂ ಗಮನ ಇಟ್ಟು ಓದಿ. ನೀವು ನಿಮ್ಮ ಕ್ರೆಡಿಟ್ ರಿಪೋರ್ಟ್ ತೆಗೆಸಿ ನೋಡಿಲ್ಲ, ಅಷ್ಟೇ.

ನಾನು ಕೆ.ಜಿ.ಎಫ್.ನಲ್ಲೂ ಬಂಗಾರಪೇಟೆಯಲ್ಲೂ ಒಂದು ಬ್ಯಾಂಕಿನ ಸಾಲದ ವಿಭಾಗದಲ್ಲಿ ಕೆಲಸ ಮಾಡಿ, ಇನ್ನೂ ಸರ್ವಿಸ್ ಇರುವಾಗಲೇ ಸ್ವಯಂ ನಿವೃತ್ತಿ ತಗೊಂಡು ಮನೆಯಲ್ಲಿ ಕೂತವಳು. ಯಾವ ಬ್ಯಾಂಕು ಅಂತ ಕೇಳಬೇಡಿ. ಅಪ್ಪ ಹಾವೇರಿ ಕಡೆಯಿಂದ ಇಲ್ಲಿನ ಕಾರ್ಖಾನೆ ಕೆಲಸಕ್ಕೆ ಬಂದವರು. ನಮ್ಮ ಮನೆಯೊಳಗೆ ಒಂದು ಕನ್ನಡ, ಗೇಟಿನ ಹೊರಗೆ ಇನ್ನೊಂದು ಕನ್ನಡ, ಅಂಗಡಿಗೆ ಹೋದರೆ ತಮಿಳು, ಸಂತೆಗೆ ಹೋದರೆ ತೆಲುಗು. ಈಚೆಗೆ ಅಣ್ಣನ ಮಗಳು ಬ್ಯಾಂಕ್ ಸೇರಿದಳು. ಅತ್ತೆ, ಆ ಸೀಟಲ್ಲಿ ಕಷ್ಟ ಏನು ಅಂತ ಕೇಳಿದಳು. ಲೆಕ್ಕ ಕಷ್ಟ ಅಲ್ಲ ಮಗಳೇ, ಭಯ ಕಷ್ಟ ಅಂದೆ. ಎದುರಿಗೆ ಕೂತವರ ಭಯ. ಅದು ಟೇಬಲ್ ದಾಟಿ ನಮ್ಮ ಕಡೆಗೂ ಬರುತ್ತದೆ.

ನಾನು ಸೇರಿದ ಕಾಲಕ್ಕೆ ಕ್ರೆಡಿಟ್ ರಿಪೋರ್ಟ್ ಅನ್ನುವ ಮಾತನ್ನೇ ಯಾರೂ ಕೇಳಿರಲಿಲ್ಲ. ಆಗಿನ ಮ್ಯಾನೇಜರ್ ಸೀತಾರಾಮಯ್ಯ ಸಾರ್, ಸಾಲ ಕೇಳಿದವರ ಮನೆ ಹತ್ತಿರದ ಟೀ ಅಂಗಡಿಗೆ ಹೋಗಿ ಅರ್ಧ ಟೀ ಕುಡಿದು ಬರುತ್ತಿದ್ದರು. ಅವರ ವಿಚಾರಣೆ ಅಷ್ಟೇ. ಆ ಪದ್ಧತಿ ಬಹಳ ಚೆನ್ನಾಗಿತ್ತು ಅಂತ ನಾನು ಸುಳ್ಳು ಹೇಳುವುದಿಲ್ಲ. ಟೀ ಅಂಗಡಿಯವನಿಗೆ ಆಗದವರಿಗೆ ಸಾಲ ಸಿಗುತ್ತಿರಲಿಲ್ಲ. ಯಾವ ಕೇರಿ ಅಂತ ಕೇಳಿಯೇ ಅರ್ಜಿ ಪಕ್ಕಕ್ಕಿಟ್ಟದ್ದೂ ಉಂಟು. ಆದರೆ ಒಂದು ಮಾತ್ರ ನಿಜ, ಸಾಲ ಕೇಳಿದ ಮನುಷ್ಯ ಯಾರು ಅನ್ನುವುದರಲ್ಲಿ ಸಾರ್‌ಗೆ ಯಾವತ್ತೂ ಅನುಮಾನ ಬಂದಿಲ್ಲ. ಆಮೇಲೆ ಕಂಪ್ಯೂಟರ್ ಬಂತು, ರಿಪೋರ್ಟ್ ಬಂತು, ಸ್ಕೋರು ಬಂತು. ಹೊಸ ಹೊಸ ಮ್ಯಾನೇಜರುಗಳು ಬಂದರು. ಸ್ಕೋರು ಕಡಿಮೆ ಇದ್ದವರಿಗೆ ಕೂತ್ಕೊಳ್ಳಿ ಅಂತ ಹೇಳುವುದೂ ನಿಂತಿತು.

ಈ ರಿಪೋರ್ಟ್ ತಪ್ಪೂ ಹೇಳುತ್ತದೆ ಅಂತ ನನಗೆ ಮೊದಲು ಗೊತ್ತಾದದ್ದು ದೊರೈ ತಾತನಿಂದ. ಕೆ.ಜಿ.ಎಫ್.ನ ಮೈಸೂರು ಮೈನ್ಸ್ ಕಡೆಯವರು, ಚಿನ್ನದ ಗಣಿ ಮುಚ್ಚುವ ತನಕ ಅಂಡರ್‌ಗ್ರೌಂಡ್ ಕೆಲಸ ಮಾಡಿದವರು. ಮನೆ ಶೀಟು ಬದಲಾಯಿಸಲು ಒಂದು ಸಣ್ಣ ಸಾಲ ಕೇಳಿ ಬಂದಿದ್ದರು. ರಿಪೋರ್ಟ್ ತೆಗೆದರೆ ಅವರು ತೀರಿಕೊಂಡಿದ್ದಾರೆ ಅಂತ ಬಂತು. ಆಗಿದ್ದು ಇಷ್ಟು: ಗಂಡ ಹೆಂಡತಿ ಸೇರಿ ಎಲ್ಲೋ ಸಾಲ ತಗೊಂಡಿದ್ದರು, ಹೆಂಡತಿ ಹೋದರು, ವಿಮೆಯಿಂದ ಸಾಲ ತೀರಿತು, ಅಲ್ಲಿನ ಯಾರೋ ಪುಣ್ಯಾತ್ಮ ಇಬ್ಬರ ಹೆಸರಿನ ಮುಂದೂ ಮರಣ ಅಂತ ಒತ್ತಿಬಿಟ್ಟಿದ್ದ. ನಾವೆಲ್ಲ ನಕ್ಕೆವು. ತಾತ ನಗಲಿಲ್ಲ.

"ಯಮ್ಮಾ, ಸತ್ತಿದ್ದು ಎನ್ ಪೊಂಡಾಟಿ. ನಾನ್ ಇಲ್ಲೇ ಕೂತಿದೀನಲ್ಲ," ಅಂದರು. ಆಮೇಲೆ, ಹಾಗಾದರೆ ನನ್ನ ಪೆನ್ಷನ್ನೂ ನಿಲ್ಲುತ್ತದಾ ಅಂತ ಮೆಲ್ಲಗೆ ಕೇಳಿದರು. ಭೂಮಿಯ ಒಳಗೆ ಬಂಡೆ ಸಿಡಿಯುವಾಗ ಅಲುಗದ ಮನುಷ್ಯ, ನನ್ನ ಕಂಪ್ಯೂಟರಿನ ಹಿಂಭಾಗ ನೋಡುತ್ತಾ ಪಾಸ್‌ಬುಕ್ಕನ್ನು ಎರಡೂ ಕೈಯಲ್ಲಿ ಅವುಚಿಕೊಂಡಿದ್ದರು. ಅದನ್ನು ಸರಿ ಮಾಡಿಸಲು ಆ ಕಂಪನಿಗೆ ಪತ್ರದ ಮೇಲೆ ಪತ್ರ ಬರೆದೆ. ಅವರು ಪ್ರತಿ ಸಲವೂ ವಾರಸುದಾರರ ಸಹಿ ಕೇಳಿದರು. ಕೊನೆಗೆ ತಾತನನ್ನೇ ಬಸ್ಸು ಹತ್ತಿಸಿ ಅವರ ಕೋಲಾರದ ಆಫೀಸಿಗೆ ಕಳಿಸಿ, ಕೌಂಟರ್ ಮುಂದೆ ನಿಂತು ಕೆಮ್ಮಿ ಬನ್ನಿ ಅಂದೆ. ಸರಿಯಾಯಿತು. ಅವತ್ತಿನಿಂದ ಬ್ರಾಂಚಿನಲ್ಲಿ ರಿಪೋರ್ಟ್ ತಕರಾರು ಯಾವುದೇ ಬರಲಿ, ನನ್ನ ಟೇಬಲ್ಲಿಗೇ ತಳ್ಳುತ್ತಿದ್ದರು.

ಮುನಿರತ್ನಳೂ ಹಾಗೇ ಬಂದಳು.

ಅವಳು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕಂಟ್ರಾಕ್ಟ್ ಮೇಲೆ ಅಡುಗೆ ಕೆಲಸ ಮಾಡುವವಳು. ಗಂಡ ಶ್ರೀನಿವಾಸ ಕೆ.ಜಿ.ಎಫ್.ನಿಂದ ಬಂಗಾರಪೇಟೆಗೆ ಶೇರ್ ಆಟೋ ಓಡಿಸುತ್ತಾನೆ. ಒಬ್ಬಳೇ ಮಗಳು, ಸ್ಕೂಲಿಗೆ ಹೋಗುತ್ತಾಳೆ. ಕೆ.ಜಿ.ಎಫ್.ನ ಚಾಂಪಿಯನ್ ರೀಫ್ಸ್‌ನಲ್ಲಿ, ಗಣಿ ಕಾಲದಲ್ಲಿ ಸಾಲಾಗಿ ಕಟ್ಟಿದ ಹಳೆಯ ಲೈನ್ ಮನೆಯೊಂದರಲ್ಲಿ ಬಾಡಿಗೆಗೆ ಇದ್ದರು. ಬಂಗಾರಪೇಟೆ ಅಂಚಿನಲ್ಲಿ ಒಂದು ಚಿಕ್ಕ ಮನೆ ನೋಡಿ, ಇಬ್ಬರ ಹೆಸರಲ್ಲೂ ಸಾಲಕ್ಕೆ ಅರ್ಜಿ ಹಾಕಿದ್ದರು. ಮ್ಯಾನೇಜರ್ ರಿಪೋರ್ಟ್ ತೆಗೆದು, ನಿಮ್ಮ ಹೆಂಡತಿ ಹೆಸರಲ್ಲಿ ಸಂಘದ ಸಾಲ ಇದೆ, ಕಟ್ಟಿಲ್ಲ, ಅದಕ್ಕೇ ಆಗುವುದಿಲ್ಲ ಅಂತ ಗಂಡನ ಮುಖ ನೋಡಿ ಹೇಳಿಬಿಟ್ಟರು.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಕಡೆ ಹಳ್ಳಿಗಳಲ್ಲಿ ಹೆಂಗಸರು ಗುಂಪು ಕಟ್ಟಿಕೊಂಡು ಸಣ್ಣ ಸಾಲ ಕೊಡುವ ಫೈನಾನ್ಸ್ ಕಂಪನಿಯಿಂದ ಸಾಲ ತಗೊಳ್ಳುತ್ತಾರೆ, ಅದೇ ಸಂಘದ ಸಾಲ. ಒಬ್ಬಳು ಕಟ್ಟದಿದ್ದರೆ ಉಳಿದವರೆಲ್ಲ ಸೇರಿ ಕಟ್ಟಬೇಕು. ಅದರ ಜೊತೆಗೆ ಹೆಸರು ಕೊಡುವುದು ಅಂತ ಒಂದು ರೂಢಿ ಇದೆ. ತಂಗಿಗೋ ಓರಗಿತ್ತಿಗೋ ಸಾಲ ಸಿಗದಿದ್ದರೆ, ಇವಳು ತನ್ನ ಹೆಸರಲ್ಲಿ ತೆಗೆದು ಅವಳ ಕೈಗೆ ಕೊಡುತ್ತಾಳೆ. ಗಂಡನಿಗೆ ಹೇಳುವುದಿಲ್ಲ. ಇದು ಎಲ್ಲ ಗಂಡಸರಿಗೂ ಗೊತ್ತು, ಎಲ್ಲರೂ ನಮ್ಮ ಮನೆಯಲ್ಲಿ ಇಲ್ಲ ಅಂದುಕೊಂಡಿರುತ್ತಾರೆ. ಹಾಗಾಗಿ ಮುನಿರತ್ನ ನನಗೇನೂ ಗೊತ್ತಿಲ್ಲ ಅಂದಾಗ ಮ್ಯಾನೇಜರ್ ನಂಬಲಿಲ್ಲ, ಗಂಡ ನಂಬಲಿಲ್ಲ. ನನಗೂ ಮೊದಲು ನಂಬಿಕೆ ಬರಲಿಲ್ಲ.

ಅರ್ಜಿ ವಾಪಸ್ ಆದ ಮಾರನೇ ವಾರ ಅವಳೊಬ್ಬಳೇ ನನ್ನ ಟೇಬಲ್ ಹತ್ತಿರ ಬಂದಳು. ಕೂರಲಿಲ್ಲ. ಕುರ್ಚಿ ಹಿಡಿದುಕೊಂಡು ನಿಂತೇ ಮಾತಾಡಿದಳು.

"ಬೈಕಾಗೆ ಇಬ್ರು ಬತ್ತಾವ್ರೆ ಅಕ್ಕ. ಬಾಕ್ಲಾಗೇ ಕೂತ್ಕತಾರೆ. ಲೈನ್ ಮನೆ, ನಮ್ ಮನೇಲಿ ಕೆಮ್ಮಿದ್ರೆ ಆ ಕೊನೆ ಮನೇಗೆ ಕೇಳ್ತೈತೆ. ಎಲ್ರೂ ಈಚೆ ಬಂದು ನೋಡ್ತಾರೆ. ಅವ್ರು ಬೈಯಾಕಿಲ್ಲ, ಒಡಿಯಾಕಿಲ್ಲ. ಸುಮ್ಕೆ ಕೂತವ್ರೆ."

ವಸೂಲಿಗೆ ಬಂದವರು ಹಾಗೆ ಸುಮ್ಮನೆ ಕೂರುವುದು ಎಂಥದ್ದು ಅಂತ ನನಗೆ ಗೊತ್ತಿತ್ತು. ಅವರಿಗೆ ಇವಳ ವಿಳಾಸ ಹೇಗೆ ಸಿಕ್ಕಿತು ಅನ್ನುವುದೂ ಗೊತ್ತಿತ್ತು. ಸಾಲ ತಗೊಂಡವರು ಕಾಣೆಯಾದರೆ ಕಂಪನಿಯವರು ಅದೇ ರಿಪೋರ್ಟ್ ತೆಗೆದು ಹೊಸ ವಿಳಾಸ ಹುಡುಕುತ್ತಾರೆ. ಅಂದರೆ ರಿಪೋರ್ಟಿನಲ್ಲಿ ಬಿದ್ದ ತಪ್ಪು ಅಲ್ಲೇ ಉಳಿಯುವುದಿಲ್ಲ, ಒಂದು ದಿನ ಬೈಕು ಹತ್ತಿ ನಿಮ್ಮ ಮನೆಗೆ ಬರುತ್ತದೆ.

"ನಿನ್ನ ಗಂಡ ಏನಂತಾನೆ?" ಅಂದೆ.

"ದುಡ್ಡು ಯಾರ್ಗೆ ಕೊಟ್ಟೆ ಅಂತ ಯೋಳು, ಇಲ್ಲಾ ತೌರಿಗೋಗು ಅಂತಾನೆ." ಅವಳು ಕುರ್ಚಿಯ ಬೆನ್ನನ್ನು ಇನ್ನೂ ಗಟ್ಟಿ ಹಿಡಿದಳು. "ಮಗೀನ ಬಿಟ್ಟು ಓಗು ಅಂತಾನೆ ಅಕ್ಕ."

ಅವಳ ತಲೆಯಲ್ಲಿ ಆ ಮನೆ ಸಾಲ ಇರಲೇ ಇಲ್ಲ. ಇದು ನನ್ನದಲ್ಲ ಅಂತ ಗಂಡನಿಗೆ ತೋರಿಸಬೇಕು, ಮಗಳ ಜೊತೆ ಅದೇ ಮನೆಯಲ್ಲಿ ಉಳಿಯಬೇಕು, ಅವಳಿಗೆ ಬೇಕಾಗಿದ್ದು ಅಷ್ಟೇ. ಒಂದೇ ಒಂದು ಕಂತು ಕಟ್ಟು, ಆಮೇಲೆ ತೊಂದರೆ ಕೊಡುವುದಿಲ್ಲ ಅಂತ ಬೈಕಿನವರು ಅಂದಿದ್ದರಂತೆ. ಓಲೆ ಮಾರಲು ಹೊರಟಿದ್ದಳು. ನಾನು ಎದ್ದು ನಿಂತು ಬೈದೆ. ಒಂದು ಕಂತು ಕಟ್ಟಿದರೆ ಸಾಲ ನನ್ನದೇ ಅಂತ ನೀನೇ ಒಪ್ಪಿಕೊಂಡ ಹಾಗೆ, ಆಮೇಲೆ ದೇವರು ಬಂದರೂ ಬಿಡಿಸಲು ಆಗುವುದಿಲ್ಲ ಅಂದೆ. ಈಗ ಬ್ಯಾಂಕ್ ಸೇರುವ ಮಕ್ಕಳು ಇದೊಂದನ್ನು ನೆನಪಿಟ್ಟುಕೊಳ್ಳಿ. ಭಯಪಟ್ಟವರು ಮೊದಲು ಮಾಡುವ ಕೆಲಸವೇ ಅದು.

ರಿಪೋರ್ಟ್ ಇಡುವ ಸಂಸ್ಥೆಗೆ ತಕರಾರು ಹಾಕಿದೆವು. ಮುಂಚೆ ಪತ್ರ ಬರೆದು ಪೋಸ್ಟ್ ಮಾಡುತ್ತಿದ್ದೆವು, ಈಗ ಎಲ್ಲ ಆನ್‌ಲೈನ್. ತಪ್ಪು ಏನು ಅಂತ ಅವರೇ ಪಟ್ಟಿ ಕೊಟ್ಟಿರುತ್ತಾರೆ, ಒಂದನ್ನು ಒತ್ತಬೇಕು. ವಿಳಾಸ ತಪ್ಪು, ಮೊತ್ತ ತಪ್ಪು, ಸಾಲ ನನ್ನದಲ್ಲ. ಇವಳು ಬೇರೆಯವಳು ಅಂತ ಬರೆಯಲು ಅಲ್ಲಿ ಜಾಗ ಇಲ್ಲ. ರಿಪೋರ್ಟ್ ಇಡುವವರು ಅದನ್ನು ಸಾಲ ಕೊಟ್ಟ ಕಂಪನಿಗೆ ಕಳಿಸಿದರು. ಕಂಪನಿ, ಪರಿಶೀಲಿಸಿದ್ದೇವೆ, ಮಾಹಿತಿ ಸರಿಯಾಗಿದೆ ಅಂತ ಉತ್ತರ ಕೊಟ್ಟಿತು. ಮತ್ತೆ ಹಾಕಿದೆವು. ಮತ್ತೆ ಅದೇ ಉತ್ತರ. ಆ ಎರಡನೇ ಉತ್ತರ ಬಂದ ದಿನ ಮುನಿರತ್ನ ಅದನ್ನು ಮೊಬೈಲಿನಲ್ಲಿ ನೋಡಿ ಎದ್ದು ಹೋದಳು. ಅವಳು ಮನೆಗೆ ಹೋಗುವ ದಾರಿಯಲ್ಲಿ ಮುರುಕು ಬೇಲಿಯ ಹಳೆಯ ಗಣಿ ಬಾಯಿ ಇದೆ. ಸಂಜೆ ಕ್ಯಾಂಟೀನಿಗೆ ಫೋನ್ ಮಾಡಿ, ಮುನಿರತ್ನ ಡ್ಯೂಟಿಗೆ ಬಂದಿದ್ದಾಳಾ ಅಂತ ಕೇಳಿದೆ. ಬಂದಿದ್ದಾಳೆ, ಮುದ್ದೆ ತಿರುವುತ್ತಾ ಇದ್ದಾಳೆ ಅಂದರು. ಆಮೇಲೆ ದಿನಾ ಏನೋ ಒಂದು ನೆಪ ಮಾಡಿ ಫೋನ್ ಮಾಡುತ್ತಿದ್ದೆ.

ಏನನ್ನು ಪರಿಶೀಲಿಸಿದಿರಿ ಸ್ವಾಮಿ ಅಂತ ಕಂಪನಿಯ ಬಂಗಾರಪೇಟೆ ಆಫೀಸಿಗೆ ಹೋಗಿ ಕೂತೆ. ಅಲ್ಲಿನ ಫೀಲ್ಡ್ ಆಫೀಸರ್ ಹೊಸಬ. ಮೇಡಂ, ಹೆಸರು ಮುನಿರತ್ನ, ತಂದೆ ಮುನಿಯಪ್ಪ, ಹುಟ್ಟಿದ ದಿನ ಹೊಂದುತ್ತೆ, ಹಳೆಯ ವಿಳಾಸದ ಪಿನ್‌ಕೋಡ್ ಹೊಂದುತ್ತೆ, ಇನ್ನೇನು ಬೇಕು ಅಂದ. ಆ ಸಾಲ ತಗೊಂಡ ಗುಂಪಿನವರು ಯಾರೂ ಅವನಿಗೆ ಮುಖ ನೋಡಿ ಗೊತ್ತಿರಲಿಲ್ಲ. ಸಾಲ ಕೊಟ್ಟ ಹಳೆಯ ಆಫೀಸರ್ ಕೆಲಸ ಬಿಟ್ಟು ಹೋಗಿದ್ದ. ಈ ಹೊಸಬನಿಗೆ ಕಂಡದ್ದು ಹೊಂದುವುದು ಮಾತ್ರ.

ವಾಪಸ್ ಬಂದು ಮುನಿರತ್ನಳನ್ನು ಕರೆಸಿ, ಜೂನ್ ಒಂದು ಅಂತ ಇದೆಯಲ್ಲ, ನೀನು ನಿಜವಾಗಿ ಅವತ್ತೇ ಹುಟ್ಟಿದ್ದಾ ಅಂತ ಕೇಳಿದೆ. ಅಷ್ಟು ದಿನದಲ್ಲಿ ಅವಳು ನಕ್ಕದ್ದು ಅದೊಂದೇ ಸಲ.

"ಯಾರ್ಗೊತ್ತಕ್ಕ. ಅವ್ರೆಕಾಯಿ ಕಾಲ್ದಾಗೆ ಉಟ್ಟಿದ್ದು ಅಂತಾಳೆ ಅಮ್ಮ. ಎಡ್ ಮಾಸ್ಟ್ರು ಕೈನ ತಲೆ ಮ್ಯಾಲಿಂದ ಆಕಿ ಆ ಕಡೆ ಕಿವಿ ಮುಟ್ಟು ಅಂದ್ರು, ಮುಟ್ದೆ. ಜೂನ್ ಒಂದು ಅಂತ ಬರ್ಕಂಡ್ರು. ನಮ್ ಇಸ್ಕೂಲಾಗೆ ಎಲ್ರೂ ಜೂನ್ ಒಂದೇ."

ಎಲ್ಲರೂ ಅಂದಳಲ್ಲ, ಅಲ್ಲಿ ನನಗೆ ಹೊಳೆಯಿತು. ನಿಮ್ಮ ಕ್ಲಾಸಿನಲ್ಲಿ ಇನ್ನೊಬ್ಬಳು ಮುನಿರತ್ನ ಇದ್ದಳಾ ಅಂತ ಕೇಳಿದೆ. ನಮ್ಮ ಕಡೆಯವರಿಗೆ ಇದು ವಿಚಿತ್ರದ ಪ್ರಶ್ನೆ ಅಲ್ಲ. ಮುನೇಶ್ವರನಿಗೆ ಹರಕೆ ಹೊತ್ತು ಹುಟ್ಟಿದ ಮಕ್ಕಳು ಅರ್ಧ ಊರು. ಮುನಿಯಪ್ಪ, ಮುನಿರಾಜು, ಮುನಿಯಮ್ಮ, ಮುನಿರತ್ನ. ಅವಳ ನಗು ಹಾಗೇ ನಿಂತಿತು. ಇದ್ದಳು. ಅವಳಪ್ಪನೂ ಮುನಿಯಪ್ಪ. ಮಾಸ್ಟರು ಇವಳನ್ನು ದೊಡ್ಡ ಮುನಿರತ್ನ, ಅವಳನ್ನು ಚಿಕ್ಕ ಮುನಿರತ್ನ ಅನ್ನುತ್ತಿದ್ದರಂತೆ. ಮಾಸ್ಟರಿಗೆ ಗೊತ್ತಿದ್ದ ಆ ವ್ಯತ್ಯಾಸ ಯಾವ ಕಂಪ್ಯೂಟರಿಗೂ ಗೊತ್ತಿರಲಿಲ್ಲ. ಇಬ್ಬರ ಕಡತವೂ ಎಲ್ಲೋ ಒಂದಾಗಿ ಕೂತಿತ್ತು.

ಆ ಚಿಕ್ಕ ಮುನಿರತ್ನಳನ್ನು ಯಾವ ಊರಿಗೆ ಕೊಟ್ಟರು ಅಂತ ಕೇಳಿದರೆ ಹೇಳಲು ಒಪ್ಪಲಿಲ್ಲ.

"ನಾನ್ ಯೋಳಿದ್ರೆ ಬೈಕ್ನೋರು ಅಲ್ಲಿಗೆ ಓತಾರಲ್ಲಕ್ಕ. ಒಂದೇ ಬೆಂಚಾಗೆ ಕೂತೋರು ನಾವು."

ಹೇಳದಿದ್ದರೆ ನಿನ್ನ ಮಗಳಿಗೆ ನಾಳೆಯಿಂದ ಜಡೆ ಹಾಕುವವರು ಯಾರು ಅಂತ ಕೇಳಿದೆ. ಕಟುವಾಗಿಯೇ ಕೇಳಿದೆ. ಕೊನೆಗೆ ಊರಿನ ಹೆಸರು ಹೇಳಿದಳು. ಬಂಗಾರಪೇಟೆಯಿಂದ ಸ್ವಲ್ಪವೇ ದೂರ, ಕಂಪನಿಯ ಕಡತದಲ್ಲಿ ಆ ಗುಂಪಿಗೆ ಇದ್ದ ಊರೂ ಅದೇ.

ಗುಂಪಿನ ಸದಸ್ಯರೇ ಇವರು ನಮ್ಮವರಲ್ಲ ಅಂತ ಹೇಳಿದರೆ ಬರೆದು ಕೊಡುತ್ತೇನೆ ಅಂತ ಫೀಲ್ಡ್ ಆಫೀಸರ್ ಒಪ್ಪಿದ. ಮುಂದಿನ ಮೀಟಿಂಗಿಗೆ ಹೋಗುವುದು ಅಂತ ಆಯಿತು. ಶ್ರೀನಿವಾಸನೇ ತನ್ನ ಆಟೋದಲ್ಲಿ ನಮ್ಮಿಬ್ಬರನ್ನು ಕರೆದುಕೊಂಡು ಹೋದ. ಅವನು ಬಂದದ್ದು ಹೆಂಡತಿಯ ಸುಳ್ಳು ಹಿಡಿಯಲು. ದಾರಿಯುದ್ದಕ್ಕೂ ಮುನಿರತ್ನ ಸೆರಗಿನ ತುದಿ ಬಾಯಲ್ಲಿ ಕಚ್ಚಿಕೊಂಡೇ ಕೂತಿದ್ದಳು.

ಗುಂಪಿನ ಲೀಡರ್ ಮನೆ ಮುಂದೆ ಹೆಂಗಸರು ಸಾಲಾಗಿ ಚಾಪೆ ಮೇಲೆ ಕೂತಿದ್ದರು. ಫೀಲ್ಡ್ ಆಫೀಸರ್ ಇವಳನ್ನು ಮುಂದೆ ನಿಲ್ಲಿಸಿ, ಇವರು ನಿಮ್ಮ ಗುಂಪಿನ ಮುನಿರತ್ನ ಹೌದೋ ಅಲ್ಲವೋ ಅಂತ ಕೇಳಿದ.

ಎಲ್ಲರೂ ನೆಲ ನೋಡುತ್ತಿದ್ದರು. ನಾನು ಇದೊಂದನ್ನು ಯೋಚಿಸಿರಲಿಲ್ಲ. ಚಿಕ್ಕ ಮುನಿರತ್ನ ಊರು ಬಿಟ್ಟು ಹೋಗಿ ಬಹಳ ದಿನವಾಗಿತ್ತು. ಅವಳ ಕಂತನ್ನು ಇವರೇ ಕೈಯಿಂದ ಆದಷ್ಟು ಹಾಕುತ್ತಿದ್ದರು, ಉಳಿದದ್ದು ಬಾಕಿ ಬಿದ್ದಿತ್ತು. ಚಾಂಪಿಯನ್ ರೀಫ್ಸ್‌ನಲ್ಲಿ ಮುನಿರತ್ನ ಸಿಕ್ಕಿದಳು ಅಂತ ಕಂಪನಿ ಹೇಳಿದ ದಿನದಿಂದ ಇವರ ತಲೆ ಮೇಲಿನ ಭಾರ ಇಳಿದಿತ್ತು. ಇವಳು ಅವಳಲ್ಲ ಅಂದರೆ ಭಾರ ಮತ್ತೆ ಇವರ ತಲೆಗೇ. ಅವರಿಗೂ ಅದೇ ಬೈಕಿನ ಭಯ.

ಲೀಡರ್ ಹೆಂಗಸು ಕೊನೆಗೆ, "ಅಂಗೇ ಕಾಣ್ತೈತೆ ಸಾರ್. ಬಾಳ ದಿನ ಆಯ್ತಲ್ಲ, ಮಕ ಬದ್ಲಾಗೈತೆ," ಅಂದಳು.

ಶ್ರೀನಿವಾಸ ಹೆಂಡತಿಯ ಕಡೆ ಒಂದು ಸಲ ನೋಡಿ, ಆಟೋ ಕಡೆ ತಿರುಗಿದ. ಮುನಿರತ್ನ ಅಳಲಿಲ್ಲ, ಕೂಗಲಿಲ್ಲ. ನಾನು ಅವಳ ಕೈ ಹಿಡಿದುಕೊಂಡೆ. ನನ್ನ ಸರ್ವಿಸ್ಸಿನಲ್ಲಿ ಅಷ್ಟು ಹೆದರಿದ್ದು ನಾನು ಅವತ್ತೊಂದೇ ದಿನ. ಇವಳನ್ನು ಇಲ್ಲಿಗೆ ಕರೆದುಕೊಂಡು ಬಂದವಳು ನಾನೇ.

"ಅಲ್ಲ," ಅಂತ ಹಿಂದಿನ ಸಾಲಿನಿಂದ ಒಂದು ದನಿ ಬಂತು.

ಎಲೆ ಅಡಿಕೆ ಜಗಿಯುತ್ತಾ ಕೂತಿದ್ದ ಮುದುಕಿ. ಚಿಕ್ಕ ಮುನಿರತ್ನಳ ಅತ್ತೆ ಅಂತ ಆಮೇಲೆ ಗೊತ್ತಾಯಿತು. ಕೈ ಊರಿ ಎದ್ದು ನಿಂತಳು.

"ನನ್ ಸೊಸೆ ನಂಗೆ ಗೊತ್ತಾಗಾಕಿಲ್ವಾ? ಇವ್ಳಲ್ಲ. ಅವ್ಳು ಎಲ್ಲವ್ಳೋ ಆ ದ್ಯಾವ್ರೇ ಬಲ್ಲ. ಈ ಎಣ್ಣು ಯಾರೋ ಪಾಪ, ಇವ್ಳನ್ಯಾಕೆ ಸಾಯಿಸ್ತೀರಿ?"

ಲೀಡರ್‌ಗೆ ರೇಗಿತು. "ಅಂಗಾರೆ ನೀನೇ ಕಟ್ಟು ಅತ್ತೆ ನಿನ್ ಸೊಸೇದು."

"ಕಟ್ತೀನಿ ಬಿಡೇ. ನಿನ್ ಮನೆ ಮುಸ್ರೆ ತಿಕ್ಕಾದ್ರೂ ಕಟ್ತೀನಿ. ನಿನ್ನಂಗೆ ಅಲ್ಲದ್ದ ಔದು ಅನ್ನಾಕಿಲ್ಲ."

ಅದಾದ ಮೇಲೆ ಒಬ್ಬೊಬ್ಬರೇ ಅಲ್ಲ ಅಲ್ಲ ಅಂದರು, ಕೊನೆಗೆ ಲೀಡರೂ ಅಂದಳು. ಅವರ ಮನಸ್ಸು ಬದಲಾಗುವ ಮೊದಲು ಫೀಲ್ಡ್ ಆಫೀಸರ್ ಕೈಯಲ್ಲಿ ಅಲ್ಲೇ ಬರೆಸಿ, ಎಲ್ಲರ ಸಹಿ ಹೆಬ್ಬೆಟ್ಟು ಹಾಕಿಸಿದೆ. ಹೊರಡುವಾಗ ಆ ಮುದುಕಿಗೆ ಏನಾದರೂ ಹೇಳಬೇಕು ಅನ್ನಿಸಿತು. ಅವಳು ಆಗಲೇ ಚಾಪೆ ಸುತ್ತುತ್ತಿದ್ದಳು.

ಬಂಗಾರಪೇಟೆ ಹತ್ತಿರ ರೈಲ್ವೆ ಗೇಟ್ ಹಾಕಿತ್ತು. ಬೆಂಗಳೂರಿನ ರೈಲು ಹೋಗುವ ತನಕ ಆಟೋದಲ್ಲೇ ಕೂತಿದ್ದೆವು. ಶ್ರೀನಿವಾಸ ಕ್ಷಮೆ ಕೇಳಲಿಲ್ಲ. ಕೇಳುತ್ತಾನೆ ಅಂತ ನಾನೂ ಅಂದುಕೊಂಡಿರಲಿಲ್ಲ. ಗೇಟ್ ಎತ್ತುವಾಗ ಹಿಂದೆ ತಿರುಗದೆ, "ಮದ್ಯಾನಕ್ಕೆ ಏನ್ ಸಾರು ಮಾಡ್ತೀಯಾ?" ಅಂದ. ಮುನಿರತ್ನ ಸೆರಗನ್ನು ಬಾಯಿಂದ ತೆಗೆದಳು. ಹುರುಳಿಕಾಳು ನೆನೆಹಾಕಿದ್ದೇನೆ ಅಂದಳು.

ರಿಪೋರ್ಟ್ ಸರಿಯಾಗಲು ಆಮೇಲೂ ಬಹಳ ಅಲೆದಾಟ ಆಯಿತು. ಕಂಪನಿ ತಿದ್ದಿ ಕಳಿಸಬೇಕು, ರಿಪೋರ್ಟ್ ಇಡುವವರು ಎರಡು ಕಡತ ಬೇರೆ ಮಾಡಬೇಕು, ಒಂದು ಕಡೆ ಸರಿಹೋದರೆ ಇನ್ನೊಂದು ಕಡೆ ಹಳೆಯದೇ ಇರುತ್ತಿತ್ತು. ಅಂತೂ ಆಯಿತು. ಈಗ ಸೇರುತ್ತಿರುವ ಮಕ್ಕಳಿಗೆ ನಾನು ಹೇಳುವುದು ಒಂದೇ. ಯಾರಾದರೂ ಬಂದು ಇದು ನನ್ನದಲ್ಲ ಅಂದರೆ, ಏನೇನು ಹೊಂದುತ್ತದೆ ಅಂತ ನೋಡಬೇಡಿ, ಅದನ್ನು ಯಂತ್ರ ಆಗಲೇ ನೋಡಿದೆ. ಯಾವುದು ಹೊಂದುವುದಿಲ್ಲ ಅಂತ ಹುಡುಕಿ. ಉತ್ತರ ಸಮಾಧಾನ ಆಗದಿದ್ದರೆ ಮೇಲಿನವರಿಗೆ ಬರೆಯಿರಿ, ಬರೆದದ್ದಕ್ಕೆಲ್ಲ ಅವರು ಕೊಡುವ ನಂಬರ್ ಇಟ್ಟುಕೊಳ್ಳಿ. ಎಲ್ಲಕ್ಕಿಂತ ಮೊದಲು, ಬಂದವರನ್ನು ಕೂರಿಸಿ.

ರಿಪೋರ್ಟ್ ಸ್ವಚ್ಛವಾದ ಮೇಲೆ ಗಂಡ ಹೆಂಡತಿ ಇಬ್ಬರೂ ಮತ್ತೆ ಬ್ಯಾಂಕಿಗೆ ಬಂದರು. ಅದೇ ಮ್ಯಾನೇಜರ್ ಈ ಸಲ ಕೂತ್ಕೊಳ್ಳಿ ಅಂದರು. ಮನೆ ಸಾಲದ ಅರ್ಜಿ ತುಂಬಿಸಿ, ಸಹಿ ಮಾಡುವ ಜಾಗ ತೋರಿಸಿ ಪೆನ್ ಕೊಟ್ಟೆ. ಶ್ರೀನಿವಾಸ ಮಾಡಿದ. ಮುನಿರತ್ನ ಪೆನ್ ಹಿಡಿದುಕೊಂಡೇ ಕೂತಳು. ಹೊರಗೆ ರಸ್ತೆಯಲ್ಲಿ ಬೈಕು ನಿಂತ ಶಬ್ದ ಆದರೆ ಈಗಲೂ ಬಾಗಿಲ ಕಡೆ ನೋಡುತ್ತಿದ್ದಳು.

"ಅಕ್ಕ, ನಾಳೆ ನಾನ್ ಕಟ್ಟಾಕೆ ಆಗ್ಲಿಲ್ಲ ಅಂದ್ರೆ, ಬೈಕ್ನೋರು ಅವತ್ತು ಅಲ್ಲ ಅಂದ ಆ ಅಜ್ಜಿ ಮನೇಗೆ ಓತಾರಾ?"

ಮ್ಯಾನೇಜರ್ ನಕ್ಕರು. ಹಾಗೆಲ್ಲ ಆಗುವುದಿಲ್ಲಮ್ಮ, ಈಗ ನಿನ್ನದು ಬೇರೆ ಅವಳದು ಬೇರೆ ಅಂದರು. ಅವಳು ಅವರ ಕಡೆ ನೋಡಲಿಲ್ಲ. ನಾನು ಹೇಳಲಿ ಅಂತ ಕಾಯುತ್ತಿದ್ದಳು. ಅವರು ಹೇಳಿದ್ದೇ ಸರಿ, ಇಲ್ಲ, ಹೋಗುವುದಿಲ್ಲ ಅಂದೆ. ಸಹಿ ಮಾಡಿದಳು.

ಹೋಗುವುದಿಲ್ಲ ಅಂತ ನನಗೆ ಹೇಗೆ ಗೊತ್ತು? ಒಮ್ಮೆ ಒಂದಾದ ಕಡತ ಮತ್ತೆ ಒಂದಾಗುವುದಿಲ್ಲ ಅಂತ ಯಾರೂ ನನಗೆ ಬರೆದು ಕೊಟ್ಟಿಲ್ಲ. ಆ ಅಜ್ಜಿಗೆ ತಕರಾರು ಹಾಕಲು ಬರುವುದಿಲ್ಲ, ಹಾಕಿಕೊಡಲು ನಾನೂ ಈಗ ಆ ಸೀಟಲ್ಲಿ ಇಲ್ಲ.

ನಿಮ್ಮದಲ್ಲದ ಸಾಲ ನಿಮ್ಮ ಹೆಸರಿಗೆ ಬಂದಿದ್ದರೆ ಇಲ್ಲಿ ಕೆಳಗೆ ಬರೆಯಿರಿ. ಯಾರ ಹತ್ತಿರ ಹೋದಿರಿ, ಏನಂದರು, ಮನೆಯಲ್ಲಿ ನಿಮ್ಮನ್ನು ಯಾರು ನಂಬಿದರು, ಯಾರು ನಂಬಲಿಲ್ಲ, ಎಲ್ಲವನ್ನೂ ಬರೆಯಿರಿ. ನಿಮ್ಮ ಸಾಲವನ್ನು ಇನ್ನೊಬ್ಬರು ಹೊತ್ತಿದ್ದಾರೆ ಅಂತ ಗೊತ್ತಿದ್ದೂ ಸುಮ್ಮನಿರುವವರು ಯಾರಾದರೂ ಓದುತ್ತಿದ್ದರೆ, ನೀವೂ ಬರೆಯಿರಿ. ಹೆಸರು ಬೇಡ.